ತೋಟದ ದಾರಿಗೊಂದು ಬೈಕ್ ಟ್ರಾಲಿ: ಅಳತೆ, ಜೋಡಣೆ, ಬಳಕೆ

ಅಡಿಕೆ ತೋಟದಲ್ಲಿ ದುಡಿಯುವವರ ಶ್ರಮದ ದೊಡ್ಡ ಪಾಲು ಹೊರುವುದಕ್ಕೇ ಹೋಗುತ್ತದೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಇಳಿಯಬೇಕು, ಕೊಯ್ದ ಗೊನೆ ಅಂಗಳಕ್ಕೆ ಏರಬೇಕು, ದನಗಳಿಗೆ ಹುಲ್ಲು, ಹಾಸಲು ಸೊಪ್ಪು, ಒಲೆಗೆ ಸೋಗೆ, ಹಾಳೆ ಎಲ್ಲವೂ ತಲೆಯ ಮೇಲೋ ಕೈಗಾಡಿಯಲ್ಲೋ ಬರಬೇಕು. ಟ್ರ್ಯಾಕ್ಟರ್ ಆ ದಾರಿಯಲ್ಲಿ ಹೋಗದು, ಸಣ್ಣ ಹಿಡುವಳಿಗೆ ಅದು ಹೊಂದುವುದೂ ಇಲ್ಲ. ಆದರೆ ಮನೆಯಲ್ಲಿ 100 ಸಿ.ಸಿ.ಯ ಬೈಕೊಂದು ಇದ್ದೇ ಇರುತ್ತದೆ. ಅದರ ಹಿಂದೆ ಕಟ್ಟುವ ಎರಡು ಚಕ್ರದ ಸಣ್ಣ ಟ್ರಾಲಿಯನ್ನು ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಪೆಟ್ಟಿಗೆಯನ್ನು ಯಾರು ಬೇಕಾದರೂ ಚೆನ್ನಾಗಿ ಕಟ್ಟಿಕೊಡುತ್ತಾರೆ. ಟ್ರಾಲಿಯ ಸೋಲು ಗೆಲುವು ನಿರ್ಧಾರವಾಗುವುದು ಬೈಕಿಗೆ ಅದನ್ನು ಸೇರಿಸುವ ಕೊಂಡಿಯಲ್ಲಿ ಮತ್ತು ನಾವು ಒಪ್ಪಿಕೊಳ್ಳುವ ಭಾರದ ಮಿತಿಯಲ್ಲಿ. ಆದ್ದರಿಂದ ಈ ಎರಡು ವಿಷಯಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಲ್ಲಿ ಓಡಿಸಬಹುದು

ಈ ಟ್ರಾಲಿ ಸ್ವಂತ ಜಮೀನಿನ ಒಳಗಿನ ಬಳಕೆಗೆ ಮಾತ್ರ. 1988ರ ಮೋಟಾರು ವಾಹನಗಳ ಕಾಯಿದೆಯ 2ನೇ ಕಲಮಿನಲ್ಲಿ ಮೋಟಾರು ವಾಹನವೆಂದರೆ ಟ್ರೈಲರ್ ಕೂಡ ಸೇರುತ್ತದೆ. ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು 39ನೇ ಕಲಂ ತಡೆಯುತ್ತದೆ. ಮೂರನೆಯವರಿಗೆ ಆಗುವ ಹಾನಿಗೆ ವಿಮೆಯಿಲ್ಲದೆ ಓಡಿಸುವುದನ್ನು 146ನೇ ಕಲಂ ತಡೆಯುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುವ 52ನೇ ಕಲಮನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಬಿಗಿಯಾಗಿ ಎತ್ತಿಹಿಡಿದಿದೆ. ಎರಡು ತೋಟಗಳ ನಡುವೆ ಹಾದುಹೋಗುವ ಪಂಚಾಯಿತಿ ರಸ್ತೆಯೂ ಸಾರ್ವಜನಿಕ ಸ್ಥಳವೇ ಎಂಬುದನ್ನು ಅನೇಕರು ಮರೆಯುತ್ತಾರೆ. ಅಲ್ಲಿ ಟ್ರಾಲಿಯನ್ನು ಕಳಚಿ, ಕೈಯಿಂದ ತಳ್ಳಿ ದಾಟಿಸಿ, ಆಚೆ ಮತ್ತೆ ಕಟ್ಟಿಕೊಳ್ಳಬೇಕು. ಹೀಗೆ ದಾಟಿಸಲು ಅನುಕೂಲವಾಗುವಂತೆ ಮೂಕಿಯ (ಟ್ರಾಲಿಯಿಂದ ಬೈಕಿನ ಕಡೆಗೆ ಚಾಚಿರುವ ಎಳೆಯುವ ದಂಡ) ತುದಿಯಲ್ಲಿ ಹಿಡಿಕೆ ಇರಿಸಬೇಕು. ಬೈಕಿಗೆ ಹಾಕುವ ಕೊಂಡಿಯೂ ಬೋಲ್ಟ್ ಬಿಚ್ಚಿದರೆ ಸಂಪೂರ್ಣ ಹೊರಬರುವಂತಿರಬೇಕು, ಪೇಟೆಗೆ ಹೊರಡುವ ಮುನ್ನ ಅದನ್ನು ತೆಗೆದಿಡಬೇಕು.

ಕಬ್ಬಿಣ ಕೊಳ್ಳುವ ಮೊದಲು ದಾರಿಯನ್ನು ಅಳೆಯಿರಿ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸಿನಂತೆ 2.7 ಮೀಟರ್ ಅಂತರದಲ್ಲಿ ಗಿಡ ನೆಟ್ಟ ತೋಟದಲ್ಲಿ 90 ಸೆಂ.ಮೀ. ಅಗಲದ ಟ್ರಾಲಿ ಸಾಲುಗಳ ನಡುವೆ ನೇರವಾಗಿ ಸುಲಭವಾಗಿ ಸಾಗುತ್ತದೆ. ಹಳೆಯ ತೋಟಗಳಲ್ಲಿ ಸಾಲು ಅಷ್ಟು ನೇರವಿರುವುದಿಲ್ಲ. ತಿರುವಿನಲ್ಲಿ ಟ್ರಾಲಿಯ ಚಕ್ರ ಬೈಕಿನ ಜಾಡಿಗಿಂತ ಒಳಗಡೆ ಬರುವುದರಿಂದ, ಬೈಕ್ ದಾಟಿದ ಮರಕ್ಕೆ ಟ್ರಾಲಿ ತಾಗುವ ಸಾಧ್ಯತೆ ಇದ್ದೇ ಇರುತ್ತದೆ. ಬಸಿಗಾಲುವೆಗಳ ಮೇಲಿನ ಸಂಕಗಳನ್ನು ಕನಿಷ್ಠ ನಾಲ್ಕು ಅಡಿ ಅಗಲ ಮಾಡಿಸಬೇಕು. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರ) ಸಂಕ ಇದಕ್ಕೆ ಸಾಲದು, ಕಲ್ಲು ಚಪ್ಪಡಿ ಅಥವಾ ಸಿಮೆಂಟ್ ಪೈಪು ಹಾಕಿ ಮಣ್ಣು ತುಂಬಿಸುವುದು ಲೇಸು. ಇಷ್ಟು ಅಗಲ ಮಾಡಲು ಸಾಧ್ಯವೇ ಇಲ್ಲದಿದ್ದರೆ ಒಂದೇ ಚಕ್ರದ ಟ್ರಾಲಿಯ ಬಗ್ಗೆ ಯೋಚಿಸಬಹುದು, ಅದು ಬೈಕಿನ ಜಾಡಿನ ಹತ್ತಿರವೇ ಬರುತ್ತದೆ. ಆದರೆ ಅದು ತಾನಾಗಿ ನಿಲ್ಲುವುದಿಲ್ಲ, ಹೊರೆಯ ದೊಡ್ಡ ಪಾಲು ಬೈಕಿನ ಮೇಲೆಯೇ ಬೀಳುತ್ತದೆ, ತುಂಬುವಾಗ ಒಬ್ಬರು ಬೈಕನ್ನು ಹಿಡಿದೇ ನಿಲ್ಲಬೇಕಾಗುತ್ತದೆ. ಗೊಬ್ಬರ, ಗೊನೆಗಳ ಕೆಲಸಕ್ಕೆ ಎರಡು ಚಕ್ರವೇ ಸರಿ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಭಾರ

ಬ್ರಿಟನ್ನಿನಲ್ಲಿ ಬೈಕ್ ಟ್ರೈಲರಿಗೆ ಸ್ಪಷ್ಟವಾದ ನಿಯಮಗಳಿವೆ, ನಮಗೆ ಅವು ಒಳ್ಳೆಯ ಅಳತೆಗೋಲಾಗಬಲ್ಲವು. ಅಲ್ಲಿ ಟ್ರೈಲರ್ 1 ಮೀಟರಿಗಿಂತ ಅಗಲವಿರಬಾರದು. ಹೊರೆಯೂ ಸೇರಿದಂತೆ ಅದರ ಒಟ್ಟು ತೂಕ 150 ಕೆ.ಜಿ. ಅಥವಾ ಬೈಕಿನ ತೂಕದ ಮೂರರಲ್ಲಿ ಎರಡು ಪಾಲು, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 125 ಸಿ.ಸಿ. ಮೀರದ ಬೈಕು ಅಲ್ಲಿ ಟ್ರೈಲರ್ ಎಳೆಯುವಂತೆಯೇ ಇಲ್ಲ. ನಮ್ಮ ಮನೆಗಳಲ್ಲಿರುವ ಸ್ಪ್ಲೆಂಡರ್‌ನಂತಹ ಬೈಕಿನ ತೂಕ ಸುಮಾರು 112 ಕೆ.ಜಿ., ಎಂಜಿನ್ 97.2 ಸಿ.ಸಿ. ಅದರ ಮೂರರಲ್ಲಿ ಎರಡು ಪಾಲೆಂದರೆ 75 ಕೆ.ಜಿ. ಮಾತ್ರ, ಅದರಲ್ಲಿ ಟ್ರಾಲಿಯ ಸ್ವಂತ ತೂಕವೂ ಸೇರಿದೆ.

ಆ ನಿಯಮ ರಸ್ತೆಯ ವೇಗಕ್ಕಾಗಿ ಮಾಡಿದ್ದು. ತೋಟದೊಳಗೆ ಗಂಟೆಗೆ 10–15 ಕಿ.ಮೀ. ಮೀರದೆ ಹೋಗುವಾಗ ಸಮತಟ್ಟಾದ ದಾರಿಯಲ್ಲಿ ಒಟ್ಟು 100 ಕೆ.ಜಿ.ಯವರೆಗೆ ಒಪ್ಪಬಹುದು. ಇಳಿಜಾರಿರುವ ದಾರಿಯಲ್ಲಿ 75 ಕೆ.ಜಿ.ಯ ಮಿತಿಯನ್ನು ದಾಟಬಾರದು. ಇಲ್ಲಿ ವಿವರಿಸುವ ಟ್ರಾಲಿ 40 ಕೆ.ಜಿ. ಆಸುಪಾಸು ತೂಗುತ್ತದೆ. ಅಂದರೆ ಸಮತಟ್ಟಿನಲ್ಲಿ 60 ಕೆ.ಜಿ., ಏರಿಳಿತದಲ್ಲಿ 35 ಕೆ.ಜಿ. ಹೊರೆ. ಇದು ಕಡಿಮೆಯೆನಿಸಬಹುದು, ಆದರೆ 45 ಕೆ.ಜಿ.ಯ ಒಂದು ಯೂರಿಯಾ ಚೀಲವನ್ನು ಸಮತಟ್ಟಿನಲ್ಲಿ ನಿರಾತಂಕವಾಗಿ ಒಯ್ಯಬಹುದು, ಮತ್ತು ತಲೆಹೊರೆಗೆ ಹೋಲಿಸಿದರೆ ದಿನವೊಂದಕ್ಕೆ ಉಳಿಯುವ ಶ್ರಮ ಬಹಳ. ಎಂಜಿನ್ ಇದಕ್ಕಿಂತ ಹೆಚ್ಚು ಎಳೆಯುತ್ತದೆ ಎಂಬುದು ನಿಜ. ನಿಲ್ಲಿಸಬೇಕಾದುದು ಬೈಕಿನ ಡ್ರಮ್ ಬ್ರೇಕುಗಳು. ಅವುಗಳನ್ನು ಮಾಡಿರುವುದು ಬೈಕು ಮತ್ತು ಅದರ ಸವಾರರಿಗಾಗಿ. ನಿತ್ಯವೂ ಕ್ವಿಂಟಾಲ್‌ಗಟ್ಟಲೆ ಸಾಗಿಸಬೇಕಾದವರು ಪವರ್ ಟಿಲ್ಲರ್ ಅಥವಾ ಎಂಜಿನ್ ಇರುವ ಕೈಗಾಡಿಯ ಕಡೆ ನೋಡುವುದು ಒಳ್ಳೆಯದು.

ಬೈಕಿನ ಕಡೆಯ ಕೊಂಡಿ

ಕ್ಯಾರಿಯರಿಗೆ, ಸೀರೆ ಗಾರ್ಡಿಗೆ ಅಥವಾ ಮಡ್‌ಗಾರ್ಡಿನ ಕೆಳಗೆ ಕೊಂಡಿ ಹಾಕಿಸಬಾರದು. ಇವು ಪಕ್ಕಕ್ಕೆ ಎಳೆಯುವ ಬಲವನ್ನು ತಡೆಯಲು ಮಾಡಿದ ಭಾಗಗಳಲ್ಲ, ಜೊತೆಗೆ ಎತ್ತರದಲ್ಲಿ ಎಳೆದಷ್ಟೂ ಬೈಕಿನ ಮುಂಚಕ್ರ ಹಗುರವಾಗುತ್ತದೆ. ಎಳೆತ ಹಿಂಚಕ್ರದ ಆ್ಯಕ್ಸಲ್ ಎತ್ತರದಲ್ಲಿಯೇ ಇರಬೇಕು.

5 ಎಂ.ಎಂ. ದಪ್ಪದ ಎರಡು ಪಟ್ಟಿಗಳನ್ನು ಬೈಕಿನ ಎರಡೂ ಬದಿಗೆ ಒಂದೊಂದರಂತೆ ಮಾಡಿಸಿ. ಪ್ರತಿ ಪಟ್ಟಿಯಲ್ಲೂ ಎರಡು ತೂತು ಬೇಕು. ಒಂದು ಹಿಂಚಕ್ರದ ಆ್ಯಕ್ಸಲಿಗೆ, ಇನ್ನೊಂದು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟಿಗೆ. ಒಂದೇ ತೂತಿದ್ದರೆ ಪಟ್ಟಿ ಆ್ಯಕ್ಸಲಿನ ಸುತ್ತ ತಿರುಗಿ ಮೂಕಿ ನೆಲಕ್ಕೆ ಕುಸಿಯುತ್ತದೆ. ಆ್ಯಕ್ಸಲ್ ಮತ್ತು ಆ ಬೋಲ್ಟು ಎರಡೂ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಮೇಲೆಯೇ ಇರುವುದರಿಂದ ಗುಂಡಿ ಸಿಕ್ಕಾಗ ಕೊಂಡಿಯೂ ಚಕ್ರದೊಡನೆಯೇ ಏರಿಳಿಯುತ್ತದೆ, ಟೈರಿಗೂ ಕೊಂಡಿಗೂ ನಡುವಿನ ಅಂತರ ಬದಲಾಗುವುದಿಲ್ಲ. ಚೈನ್ ಬಿಗಿ ಮಾಡುವಾಗ ಆ್ಯಕ್ಸಲ್ ಹಿಂದಕ್ಕೆ ಸರಿಯುತ್ತದೆಯಾದ್ದರಿಂದ ಶಾಕ್ ಅಬ್ಸಾರ್ಬರ್ ಕಡೆಯ ತೂತನ್ನು ಉದ್ದನೆಯ ಸೀಳಾಗಿ ಕೊರೆಸಬೇಕು. ಈ ಚಿಕ್ಕ ವಿಷಯವನ್ನು ಬಿಟ್ಟರೆ ಚೈನ್ ಹೊಂದಿಸುವಾಗಲೆಲ್ಲ ಪಟ್ಟಿ ಅಡ್ಡವಾಗಿ, ಹಿಂಚಕ್ರ ಓರೆಯಾಗಿ ಕೂರುತ್ತದೆ.

ಎರಡು ಪಟ್ಟಿಗಳೂ ಹಿಂದಕ್ಕೆ ಸಾಗಿ, ಟೈರಿನ ಹಿಂದೆ, ಆ್ಯಕ್ಸಲಿನಿಂದ ಸುಮಾರು 45 ಸೆಂ.ಮೀ. ದೂರದಲ್ಲಿ 40×40 ಎಂ.ಎಂ. ಚೌಕ ಪೈಪಿನ ಅಡ್ಡಪಟ್ಟಿಗೆ ಸೇರಬೇಕು. ಇದಕ್ಕಿಂತ ಹಿಂದೆ ಹೋದಷ್ಟೂ ಟ್ರಾಲಿ ಬೈಕಿನ ಹಿಂಭಾಗವನ್ನು ಅತ್ತಿತ್ತ ತಳ್ಳುವ ಬಲ ಹೆಚ್ಚುತ್ತದೆ. ಪಟ್ಟಿ ಸೇರಿಸಿದ ಮೇಲೆ ಆ್ಯಕ್ಸಲ್ ನಟ್ ಪೂರ್ತಿ ಕುಳಿತು, ಅದರಾಚೆ ಆ್ಯಕ್ಸಲಿನ ಒಂದೆರಡು ಮರೆಯಾದರೂ (ತಿರುಪಿನ ಸುತ್ತು) ಹೊರಗೆ ಕಾಣುವಂತಿರಬೇಕು. ಕಾಣದಿದ್ದರೆ ಉದ್ದನೆಯ ಆ್ಯಕ್ಸಲನ್ನು ಹುಡುಕಿ ಹಾಕಬೇಕೇ ಹೊರತು ಅರ್ಧ ಮರೆಯಲ್ಲಿ ಬಿಗಿದು ಬಿಡಬಾರದು. ಸ್ವಿಂಗ್ ಆರ್ಮಿಗೆ ಯಾವ ಕಾರಣಕ್ಕೂ ವೆಲ್ಡಿಂಗ್ ಮಾಡಿಸಬೇಡಿ. ತೆಳು ತಗಡಿನ ಆ ಭಾಗ ಕಾವಿಗೆ ಸೊಟ್ಟಗಾಗುತ್ತದೆ, ವೆಲ್ಡಿನ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಮೂರು ಕಡೆ ಆಡುವ ಕೀಲು

ಟ್ರ್ಯಾಕ್ಟರಿಗೆ ಹಾಕುವಂತಹ ಒಂಟಿ ಪಿನ್ನಿನ ಜೋಡಣೆಯನ್ನು ಬೈಕಿಗೂ ಮಾಡಿಸಿಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ಟ್ರ್ಯಾಕ್ಟರ್ ತಿರುವಿನಲ್ಲಿ ವಾಲುವುದಿಲ್ಲ, ಬೈಕು ವಾಲಲೇಬೇಕು. ಹಾಗಾಗಿ ಕೀಲು ಎಡಬಲಕ್ಕೆ ತಿರುಗಬೇಕು, ದಿಬ್ಬ ತಗ್ಗುಗಳಲ್ಲಿ ಮೇಲೆ ಕೆಳಗೆ ಬಾಗಬೇಕು, ಬೈಕು ವಾಲಿದಾಗ ಮೂಕಿಯ ಸುತ್ತ ಹೊರಳಬೇಕು. ಮೂರರಲ್ಲಿ ಒಂದು ಚಲನೆ ಇಲ್ಲದಿದ್ದರೂ ಟ್ರಾಲಿ ಬೈಕನ್ನು ಬಲವಂತವಾಗಿ ನೆಟ್ಟಗೆ ನಿಲ್ಲಿಸಲು ಹೋಗುತ್ತದೆ, ಸವಾರ ಬೀಳುತ್ತಾನೆ.

ಗುಜರಿಯಲ್ಲಿ ಸಿಗುವ ಜೀಪು ಅಥವಾ ವ್ಯಾನಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಮೊದಲ ಎರಡು ಚಲನೆಗಳನ್ನು ಒದಗಿಸುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಸಡಿಲವಿರಬಾರದು, ಸೂಜಿ ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿಸಬೇಕು. ಹೊರಳುವಿಕೆಗೆ ಪೈಪಿನೊಳಗೆ ಪೈಪು ತಿರುಗುವ ತೋಳನ್ನು ಲೇತಿನಲ್ಲಿ ಮಾಡಿಸಬೇಕು. ಹೊರಪೈಪು ಮೂಕಿಯ ತುದಿಗೆ ಬೆಸೆದಿರುತ್ತದೆ. ಒಳಗಿನ 25 ಎಂ.ಎಂ. ಸರಳು ಕ್ರಾಸಿಗೆ ಸೇರಿರುತ್ತದೆ. ತೋಳು ಕನಿಷ್ಠ 12 ಸೆಂ.ಮೀ. ಉದ್ದವಿರಲಿ. ಎರಡೂ ತುದಿಗೆ ದಪ್ಪ ವಾಷರ್, ಹಿಂದಿನ ತುದಿಗೆ ಕ್ಯಾಸಲ್ ನಟ್ ಮತ್ತು ಸ್ಪ್ಲಿಟ್ ಪಿನ್, ನಡುವೆ ಗ್ರೀಸ್ ನಿಪ್ಪಲ್ ಇರಬೇಕು. ಹೀಗೆ ಮಾಡಿದರೆ ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ನಿಲ್ಲಿಸಿದರೂ ಟ್ರಾಲಿ ನೆಟ್ಟಗೇ ನಿಂತಿರುತ್ತದೆ, ಕೆಸರಿನಲ್ಲಿ ಬೈಕು ಜಾರಿ ಬಿದ್ದರೂ ಹೊರೆ ಮಗುಚುವುದಿಲ್ಲ.

ಕ್ರಾಸನ್ನು ಬೈಕಿನ ಅಡ್ಡಪಟ್ಟಿಗೆ ಸೇರಿಸುವ ಪಿನ್ನು 16 ಎಂ.ಎಂ. ಗಾತ್ರದ್ದಾಗಿದ್ದು, ಅದರ ತುದಿಗೆ ಜಾರದ ಕ್ಲಿಪ್ಪು ಬೇಕು. ಇದರ ಜೊತೆಗೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಬೈಕಿನ ಅಡ್ಡಪಟ್ಟಿಗೆ ಸಿಕ್ಕಿಸಬೇಕು. ಪಿನ್ನು ಕಳಚಿದರೆ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಆ ಸರಪಳಿಗಳ ಮೇಲೆ ನಿಲ್ಲುತ್ತದೆ. ಪೂರ್ಣ ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ, ನೆಲಕ್ಕೆ ಉಜ್ಜದಷ್ಟು ಗಿಡ್ಡ, ಇದು ಸರಪಳಿಯ ಅಳತೆ.

ಚಕ್ರ ಮತ್ತು ಅಚ್ಚು

ಹಳೆಯ ಮೊಪೆಡ್ ಚಕ್ರಗಳು ಅಗ್ಗವಾಗಿ ಸಿಗುತ್ತವೆ, 16 ಇಂಚಿನವಾದ್ದರಿಂದ ಗುಂಡಿಗಳನ್ನೂ ಸುಲಭವಾಗಿ ದಾಟುತ್ತವೆ. ಆದರೆ ದ್ವಿಚಕ್ರ ವಾಹನ ವಾಲಿ ತಿರುಗುವುದರಿಂದ ಅದರ ಕಡ್ಡಿಗಳಿಗೆ ಪಕ್ಕದ ಒತ್ತಡದ ಅಭ್ಯಾಸವಿಲ್ಲ. ವಾಲದ ಟ್ರಾಲಿಯಲ್ಲಿ ಅವು ಬೇಗ ಸಡಿಲವಾಗುತ್ತವೆ. ಅವುಗಳ ಆ್ಯಕ್ಸಲಿಗೆ ಎರಡೂ ತುದಿಯಲ್ಲಿ ಆಧಾರ ಬೇಕಾಗಿರುವುದು ಇನ್ನೊಂದು ತೊಡಕು. ಆಟೋರಿಕ್ಷಾದ 4.00–8 ಅಳತೆಯ ತಗಡಿನ ಡಿಸ್ಕಿನ ಚಕ್ರ ಇದಕ್ಕಿಂತ ಉತ್ತಮ ಆಯ್ಕೆ. ಟೈರು ಅಗಲವಾಗಿದ್ದು ಒದ್ದೆ ಮಣ್ಣಿನಲ್ಲಿ ಹೂಳುವುದು ಕಡಿಮೆ, ಹಬ್ಬನ್ನು ಒಂದೇ ಬದಿಯಿಂದ ಹಿಡಿಯಬಹುದು, ಟೈರು ಟ್ಯೂಬು ಎಲ್ಲ ಊರಿನಲ್ಲೂ ದೊರೆಯುತ್ತವೆ.

ಟ್ರಾಲಿಯ ಎರಡು ಚಕ್ರಗಳನ್ನು ಹೊರುವ ಅಚ್ಚಿಗೆ 40×40×3 ಎಂ.ಎಂ. ಚೌಕ ಪೈಪು ಸಾಕು. ಅದರ ಎರಡೂ ತುದಿಗೆ ಹಬ್ಬಿನ ಬೇರಿಂಗಿನ ಒಳ ಅಳತೆಗೆ ತಕ್ಕಂತೆ ಲೇತಿನಲ್ಲಿ ಕಡೆಸಿದ ಗೂಟಗಳನ್ನು ಕೂರಿಸಬೇಕು. ಗೂಟವನ್ನು ಪೈಪಿನ ಬಾಯಿಗೆ ಬರಿದೆ ಬೆಸೆದರೆ ಭಾರವೆಲ್ಲ ಆ ಬೆಸುಗೆಯ ಗೆರೆಯ ಮೇಲೆ ಬೀಳುತ್ತದೆ. ಅದು 10 ಸೆಂ.ಮೀ. ಆದರೂ ಪೈಪಿನೊಳಗೆ ಬಿಗಿಯಾಗಿ ಹೊಕ್ಕು, ಆಮೇಲೆ ಬೆಸುಗೆ ಬೀಳಬೇಕು. ಈ ಒಂದು ಜಾಗಕ್ಕೆ ಸಾಮಾನ್ಯ ವೆಲ್ಡಿಂಗ್ ರಾಡಿನ ಬದಲು ಗಟ್ಟಿ ಬೆಸುಗೆ ಕೊಡುವ 7018 ರಾಡ್ ಬಳಸುವಂತೆ ಕೇಳಿ. ಎರಡು ಗೂಟಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಉದ್ದನೆಯ ನೇರ ಪಟ್ಟಿ ಹಿಡಿದು ನೋಡಬೇಕು. ಚಕ್ರ ಹಾಕಿದ ಮೇಲೆ ಎರಡು ಟೈರುಗಳ ನಡುವಿನ ಅಂತರವನ್ನು ಮುಂದೆ ಮತ್ತು ಹಿಂದೆ ಅಳೆಯಿರಿ. ವ್ಯತ್ಯಾಸವಿದ್ದರೆ ಟೈರು ಉಜ್ಜಿ ಸವೆಯುತ್ತದೆ, ಎಳೆತವೂ ಭಾರವಾಗುತ್ತದೆ.

ಸ್ಪ್ರಿಂಗು ಬೇಡ. ಈ ವೇಗಕ್ಕೆ, ಈ ಭಾರಕ್ಕೆ ಟೈರಿನ ಗಾಳಿಯನ್ನು 15–18 ಪೌಂಡಿಗೆ ಇಳಿಸಿದರೆ ಅದೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ.

ಚೌಕಟ್ಟು, ಮೂಕಿ, ಅಚ್ಚಿನ ಜಾಗ

ಪೆಟ್ಟಿಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರ ಇರಲಿ. ತಳದ ಚೌಕಟ್ಟಿಗೆ 30×30 ಎಂ.ಎಂ., 14 ಗೇಜಿನ ಚೌಕ ಪೈಪು. ಮೇಲಿನ ಕಟಾಂಜನಕ್ಕೆ 20×20 ಎಂ.ಎಂ., 16 ಗೇಜಿನದು. ಮೂಕಿಗೆ ಅಚ್ಚಿನಂತೆಯೇ 40×40×3 ಎಂ.ಎಂ. ಬಳಸಬೇಕು. ಪೆಟ್ಟಿಗೆಯ ಮುಂದೆ 85 ಸೆಂ.ಮೀ. ಚಾಚಿಕೊಂಡಿರುವ ಈ ಮೂಕಿ ಮುಂದಿನ ಅಡ್ಡಪಟ್ಟಿಯಲ್ಲಿ ಮುಗಿಯದೆ, ಚೌಕಟ್ಟಿನ ಕೆಳಗೆ ಹಾದು ಅಚ್ಚಿನವರೆಗೂ ಹೋಗಬೇಕು. ಮುಂದಿನ ಅಡ್ಡಪಟ್ಟಿಗಷ್ಟೇ ಬೆಸೆದ ಮೂಕಿ ಅಲ್ಲಿಯೇ ಮುರಿಯುತ್ತದೆ. ಬೈಕಿನ ಆ್ಯಕ್ಸಲ್ ನೆಲದಿಂದ ಸುಮಾರು 30 ಸೆಂ.ಮೀ., ಆಟೋ ಚಕ್ರದ ನಡುಭಾಗ ಸುಮಾರು 20 ಸೆಂ.ಮೀ. ಎತ್ತರದಲ್ಲಿರುವುದರಿಂದ ಮೂಕಿ ಅಚ್ಚಿನ ಮೇಲೆ ಕೂರಬೇಕು. ಉಳಿಯುವ ಎತ್ತರಕ್ಕೆ ನಡುವೆ ಪೈಪಿನ ತುಂಡು ಕೊಟ್ಟು, ಹೊರೆ ತುಂಬಿದಾಗ ಮೂಕಿ ನೆಲಕ್ಕೆ ಸಮನಾಗಿ ನಿಲ್ಲುವಂತೆ ಹೊಂದಿಸಬೇಕು.

ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರದ ಲೆಕ್ಕ ಬಿಡಿಸಿ ಹೇಳಬೇಕಿಲ್ಲ: ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಗಾಡಿ ಮೂಕಿಯೆತ್ತಿ ನಿಲ್ಲುತ್ತದೆ. ಇಲ್ಲಿಯೂ ಅದೇ ಲೆಕ್ಕ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಮೂಕಿಯ ತುದಿಯಲ್ಲಿ ಇರಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಟ್ರಾಲಿ ಬಾಲದಂತೆ ಓಲಾಡತೊಡಗುತ್ತದೆ, ಏರು ಹತ್ತುವಾಗ ಬೈಕಿನ ಹಿಂಚಕ್ರವನ್ನು ಎತ್ತುತ್ತದೆ. ಬಹಳ ಹೆಚ್ಚಾದರೆ ಬೈಕಿನ ಮುಂಚಕ್ರ ಹಗುರವಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಮೇಲಿನ ಅಳತೆಗಳಿಗೆ, ಪೆಟ್ಟಿಗೆಯ ನಟ್ಟನಡುವಿನಿಂದ 12 ಸೆಂ.ಮೀ. ಹಿಂದೆ ಅಚ್ಚು ಇಟ್ಟರೆ, ಮೂಕಿಯ ಸ್ವಂತ ತೂಕವೂ ಸೇರಿ, 100 ಕೆ.ಜಿ.ಗೆ 9 ಕೆ.ಜಿ.ಯಷ್ಟು ಮುಂಭಾರ ಬರುತ್ತದೆ.

ಆದರೂ ಅಚ್ಚನ್ನು ಮೊದಲೇ ಬೆಸೆದುಬಿಡಬೇಡಿ, ಯು ಬೋಲ್ಟಿನಿಂದ ಬಿಗಿಯಿರಿ. ಪೆಟ್ಟಿಗೆಗೆ ತೂಕ ಗೊತ್ತಿರುವ ಚೀಲಗಳನ್ನು ಸಮನಾಗಿ ಹರಡಿ, ಮೂಕಿಯ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಕೊಂಡಿಯ ಎತ್ತರದಲ್ಲಿ ಹಿಡಿದು ಓದಿಕೊಳ್ಳಿ. ಬೇಕಾದಂತೆ ಅಚ್ಚನ್ನು ಹಿಂದೆ ಮುಂದೆ ಸರಿಸಿ ಜಾಗ ಖಚಿತಪಡಿಸಿಕೊಂಡ ನಂತರವೂ ಯು ಬೋಲ್ಟಿನಲ್ಲಿಯೇ ಉಳಿಸಿದರೆ ಮುಂದೆ ದುರಸ್ತಿಗೆ ಅನುಕೂಲ.

ಪೆಟ್ಟಿಗೆಯನ್ನು ನಮ್ಮ ಕೆಲಸಕ್ಕೆ ಒಗ್ಗಿಸುವುದು

ಈ ಅಳತೆಯ ಪೆಟ್ಟಿಗೆಯಲ್ಲಿ 250 ಲೀಟರಿನಷ್ಟು ಜಾಗವಿದೆ. ಸೋಗೆ, ದರಕು (ಒಣಗಿದ ಎಲೆ) ತುಂಬಿದರೆ ಚಿಂತೆಯಿಲ್ಲ. ಕೊಟ್ಟಿಗೆ ಗೊಬ್ಬರ ಲೀಟರಿಗೆ ಅರ್ಧದಿಂದ ಮುಕ್ಕಾಲು ಕೆ.ಜಿ. ತೂಗುವುದರಿಂದ ಕಂಠಮಟ್ಟ ತುಂಬಿದರೆ 125ರಿಂದ 190 ಕೆ.ಜಿ. ಆಗಿಬಿಡುತ್ತದೆ. ಆದ್ದರಿಂದ ಪೆಟ್ಟಿಗೆಯ ಒಳಬದಿಯಲ್ಲಿ ತಳದಿಂದ 11 ಸೆಂ.ಮೀ. ಎತ್ತರಕ್ಕೆ ಬಿಳಿ ಬಣ್ಣದ ಗೆರೆ ಎಳೆಸಿ, ಗೊಬ್ಬರವನ್ನು ಅಲ್ಲಿಗೇ ನಿಲ್ಲಿಸುವ ಕಟ್ಟುನಿಟ್ಟನ್ನು ಮನೆಯವರಿಗೂ ಕೆಲಸದವರಿಗೂ ಹೇಳಿಕೊಡಬೇಕು. ಇಳಿಜಾರಿನ ತೋಟವಾದರೆ ಗೆರೆ ಇನ್ನೂ ಕೆಳಗೆ, 6 ಸೆಂ.ಮೀ.ಗೆ ಇರಲಿ.

ಹಿಂಬದಿಯ ಹಲಗೆ ಮೇಲಕ್ಕೆ ಎತ್ತಿ ತೆಗೆಯುವಂತಿದ್ದರೆ ಗೊಬ್ಬರವನ್ನು ಗುದ್ದಲಿಯಿಂದ ಎಳೆದು ಸುರಿಯಬಹುದು. ನೆಲಹಾಸಿಗೆ ತಗಡಿಗಿಂತ ಅಡಿಕೆ ದಬ್ಬೆ ಮೇಲು: ಹಗುರ, ಮನೆಯಲ್ಲೇ ಸಿಗುತ್ತದೆ, ನೀರು ನಿಲ್ಲುವುದಿಲ್ಲ, ಹಾಳಾದ ಒಂದನ್ನು ಮಾತ್ರ ಬದಲಿಸಬಹುದು. ಗೊಬ್ಬರ ಸಾಗಿಸುವ ದಿನ ಅದರ ಮೇಲೊಂದು ಹಳೆಯ ಟಾರ್ಪಾಲ್ ಹಾಸಿದರಾಯಿತು. ಹುಲ್ಲು, ಗೊನೆಗಳಿಗಾಗಿ ನಾಲ್ಕು ಮೂಲೆಯಲ್ಲಿ ಪೈಪಿನ ತುಂಡುಗಳನ್ನು ನೆಟ್ಟಗೆ ಬೆಸೆದರೆ ಬೇಕಾದಾಗ ಗೂಟ ಸಿಕ್ಕಿಸಿ ಎತ್ತರಿಸಿಕೊಳ್ಳಬಹುದು. ಮೂಕಿಯ ಕೆಳಗೆ ಮಡಚುವ ಊರುಗಾಲು ಮತ್ತು ತುದಿಯಲ್ಲಿ ಅಡ್ಡ ಹಿಡಿಕೆ ಬೇಕೇ ಬೇಕು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಕಾಲದಲ್ಲಿ 200 ಲೀಟರ್ ಡ್ರಮ್ಮನ್ನು ಟ್ರಾಲಿಯಲ್ಲಿ ಸಾಗಿಸುವ ಆಸೆ ಸಹಜ. ಅದು 200 ಕೆ.ಜಿ.ಗೂ ಮೀರಿದ ಭಾರ, ಅಲ್ಲದೆ ಅರೆ ತುಂಬಿದ ದ್ರವ ತುಳುಕಿ ತುಳುಕಿ ಟ್ರಾಲಿಯನ್ನು ಹಿಡಿತ ತಪ್ಪಿಸುತ್ತದೆ. ಬಾಯಿ ಮುಚ್ಚಿದ 20–25 ಲೀಟರಿನ ಕ್ಯಾನುಗಳನ್ನು ಅಚ್ಚಿನ ಮೇಲೆ ಬರುವಂತೆ ಕಟ್ಟಿ ಒಯ್ಯಿರಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಯಾದ್ದರಿಂದ ಅದೇ ಸಂಜೆ ಪೆಟ್ಟಿಗೆಯನ್ನು ನೀರಿನಿಂದ ತೊಳೆಯಬೇಕು. ಬಣ್ಣ ಹಚ್ಚುವ ಮೊದಲು ಬೆಸುಗೆಯ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಬಿಡಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಎರಡು ಕೈ ರೆಡ್ ಆಕ್ಸೈಡ್, ಮೇಲೆ ಎರಡು ಕೈ ಎನಾಮೆಲ್ ಕೊಡಿಸಿ. ಪೈಪುಗಳ ತೆರೆದ ತುದಿಗಳನ್ನು ಮುಚ್ಚಿಸದಿದ್ದರೆ ಒಳಗೆ ನೀರು ಸೇರಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ.

ಮೊದಲ ಓಟ ಮತ್ತು ನಂತರ

ಮೊದಲು ಖಾಲಿ ಟ್ರಾಲಿಯನ್ನು ಅಂಗಳದಲ್ಲಿ ಎಳೆದು, ಎರಡೂ ಕಡೆ ಪೂರ್ತಿ ತಿರುಗಿಸಿ, ಮೂಕಿ ಸೈಲೆನ್ಸರಿಗಾಗಲಿ ಇಂಡಿಕೇಟರಿಗಾಗಲಿ ತಾಗುತ್ತದೆಯೇ ನೋಡಬೇಕು. ಆಮೇಲೆ ಅರ್ಧ ಹೊರೆ, ಆಮೇಲೆ ಪೂರ್ತಿ. ಪೂರ್ತಿ ಹೊರೆಯ ಓಟದ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಮೂಕಿ ಮತ್ತು ಅಚ್ಚಿನ ಬೆಸುಗೆಗಳನ್ನು ಒರೆಸಿ ಕೂದಲೆಳೆಯಂತಹ ಬಿರುಕಿಗಾಗಿ ಹುಡುಕಬೇಕು. ಬೈಕಿನ ಹಿಂಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ, ಟ್ರಾಲಿಯಲ್ಲಂತೂ ಮಕ್ಕಳನ್ನು ಖಂಡಿತ ಕೂರಿಸಬಾರದು.

ಮಲೆನಾಡಿನಲ್ಲಿ ತೋಟ ಕಣಿವೆಯಲ್ಲಿ, ಮನೆ ಮೇಲೆ. ಗೊಬ್ಬರ ಇಳಿಯುತ್ತದೆ, ಗೊನೆ ಏರುತ್ತದೆ, ಹಾಗಾಗಿ ಎರಡು ದಿಕ್ಕಿನಲ್ಲೂ ಹೊರೆ ಇರುತ್ತದೆ. ಇಳಿಯುವಾಗ ಮೇಲೆಯೇ ಮೊದಲ ಗೇರಿಗೆ ಹಾಕಿ, ಕ್ಲಚ್ ಹಿಡಿಯದೆ, ಎಂಜಿನ್ ತಡೆಯುವ ವೇಗದಲ್ಲಿಯೇ ಇಳಿಯಬೇಕು. ಬ್ರೇಕನ್ನು ನೇರ ದಾರಿಯಲ್ಲಿ, ಮೆಲ್ಲಗೆ, ತಿರುವಿಗೆ ಮುಂಚೆಯೇ ಒತ್ತಬೇಕು. ತಿರುವಿನೊಳಗೆ ಒತ್ತಿದರೆ ಟ್ರಾಲಿ ಹಿಂದಿನಿಂದ ತಳ್ಳಿ ಬೈಕನ್ನು ಮಡಚಿಹಾಕುತ್ತದೆ. ಏರಿನ ಮಿತಿಯನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ: ಹೊರೆಯೊಡನೆ ಏರಿನ ನಡುವೆ ನಿಂತು, ಕ್ಲಚ್ಚನ್ನು ಬಹಳ ಹೊತ್ತು ಜಾರಿಸದೆ ಮತ್ತೆ ಹೊರಡಲು ಆಗಬೇಕು. ಆಗದಿದ್ದರೆ ಆ ಏರಿಗೆ ಆ ಹೊರೆ ಹೆಚ್ಚಾಯಿತು. ನಿಧಾನವಾಗಿ ಏರುವ ಎಂಜಿನ್ನಿಗೆ ತಂಪು ಗಾಳಿ ತಾಗುವುದಿಲ್ಲವಾದ್ದರಿಂದ ಒಂದರ ಹಿಂದೊಂದು ಹೊರೆ ಏರಿಸುವಾಗ ನಡುನಡುವೆ ಆರಲು ಬಿಡಬೇಕು. ಬೈಕಿಗೆ ರಿವರ್ಸ್ ಇಲ್ಲ. ಹೊರೆ ಇಳಿಸುವ ಜಾಗದಲ್ಲಿ ತಿರುಗಲು ಬಯಲು ಇಲ್ಲದಿದ್ದರೆ ಟ್ರಾಲಿಯನ್ನು ಕಳಚಿ, ಕೈಯಿಂದ ತಿರುಗಿಸಿ ಮತ್ತೆ ಕಟ್ಟುವುದೇ ಬೇಗ ಮುಗಿಯುವ ಕೆಲಸ.

ಮಳೆಗಾಲದಲ್ಲಿ ಪಾಚಿ ಹಿಡಿದ ದಾರಿಯ ಮೇಲೆ ಇದನ್ನು ಇಳಿಸಬೇಡಿ. ಜೂನ್ ಹಿಡಿದ ಮೇಲೆ ಸಮತಟ್ಟಾದ, ಮರಳು ಜಲ್ಲಿ ಹಾಸಿದ ದಾರಿಗೆ ಮಾತ್ರ ಸೀಮಿತಗೊಳಿಸಿ, ಉಳಿದ ಸಮಯ ಚಕ್ರಗಳು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಎತ್ತಿಟ್ಟು, ಹಬ್ಬು, ಕ್ರಾಸು, ತೋಳುಗಳಿಗೆ ಗ್ರೀಸ್ ತುಂಬಿ ಇಡಬೇಕು. ಬಳಸುವ ದಿನಗಳಲ್ಲಿ ಹೊರಡುವ ಮುನ್ನ ನೋಡಬೇಕಾದದ್ದು ಪಿನ್ನಿನ ಕ್ಲಿಪ್ಪು, ಸರಪಳಿ, ಆ್ಯಕ್ಸಲ್ ನಟ್ ಮತ್ತು ಟೈರಿನ ಗಾಳಿ. ಟ್ರಾಲಿ ಎಳೆಯುವ ಬೈಕಿನ ಚೈನು, ಕ್ಲಚ್ ಪ್ಲೇಟು, ಹಿಂಬದಿಯ ಬ್ರೇಕ್ ಲೈನರ್ ಬೇಗ ಸವೆಯುತ್ತವೆ, ಅವುಗಳನ್ನು ಸರ್ವಿಸ್ ದಿನದವರೆಗೆ ಕಾಯದೆ ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಬೇಕು.